ಆರಂಭಿಕ ಡಿಮೆನ್ಶಿಯಾದಲ್ಲಿ ವಸ್ತುಗಳ ದೃಶ್ಯ ಗುರುತಿಸುವಿಕೆ

ಡಿಮೆನ್ಶಿಯಾ ಅಥವಾ ಮರೆಗುಳಿ ಕಾಯಿಲೆಯ ಮೊದಲ ಹಂತಗಳಲ್ಲಿ, ಕಣ್ಣಿಗೆ ಕಂಡ ವಸ್ತುವನ್ನು ಇಂಥದ್ದೆಂದು ತಿಳಿಯುವ ಮೆದುಳಿನ ಸಾಮರ್ಥ್ಯ ಕುಂದಬಹುದು. ಕಣ್ಣು, ಅಕ್ಷಿಪಟ ಮತ್ತು ದೃಷ್ಟಿನರಗಳು ಆರೋಗ್ಯವಾಗಿದ್ದರೂ ವಸ್ತುವನ್ನು ನೋಡಿ ಗುರುತಿಸಲಾಗದ ಸ್ಥಿತಿಗೆ ದೃಶ್ಯ ಅಗ್ನೋಸಿಯಾ ಎಂದು ಹೆಸರು. ಡಿಮೆನ್ಶಿಯಾ ಎಂದೊಡನೆ ಮರೆವು ಮನಸ್ಸಿಗೆ ಬರುವುದು ಸಹಜ. ಆದರೆ ಈ ಗುಂಪಿನ ಕೆಲವು ಕಾಯಿಲೆಗಳಲ್ಲಿ ಮರೆವಿಗಿಂತ ಮೊದಲೇ ನೋಟಕ್ಕೆ ಸಂಬಂಧಿಸಿದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಅಂಥವರು ಮೊದಲು ಕಣ್ಣಿನ ವೈದ್ಯರ ಬಳಿಗೆ ಹೋಗುವುದರಿಂದ, ಮೆದುಳಿನಲ್ಲಿರುವ ಮೂಲ ಕಾಯಿಲೆಯ ಪತ್ತೆ ಅನೇಕ ವೇಳೆ ತಡವಾಗುತ್ತದೆ.

ಡಿಮೆನ್ಶಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಭಾಷೆ, ಗ್ರಹಿಕೆ, ವಿವೇಚನೆಗಳಲ್ಲಿ ಒಂದು ಅಥವಾ ಹೆಚ್ಚು ಶಕ್ತಿಗಳು ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಕುಂದುವ ಸ್ಥಿತಿಗೆ ಇದು ಸಾಮಾನ್ಯ ಹೆಸರಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು, ಇವುಗಳಲ್ಲಿ ಶೇ. 60ರಿಂದ 70ರಷ್ಟು ಪ್ರಕರಣಗಳಿಗೆ ಆಲ್‌ಝೈಮರ್ ಕಾಯಿಲೆ ಕಾರಣವಾಗಿರಬಹುದು. 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರಮಟ್ಟದ ಅಧ್ಯಯನವು ಭಾರತದಲ್ಲಿ 60 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಶಿಯಾ ಇದೆ ಎಂದು ಅಂದಾಜು ಮಾಡಿದೆ.

ನೋಡುವುದು ಮತ್ತು ಗುರುತಿಸುವುದು

ವಸ್ತುವನ್ನು ಗುರುತಿಸುವುದು ಕ್ಷಣಮಾತ್ರದಲ್ಲಿ ನಡೆಯುವುದರಿಂದ ಅದು ಒಂದೇ ಕ್ರಿಯೆಯಂತೆ ತೋರುತ್ತದೆ. ವಾಸ್ತವವಾಗಿ ಅದು ಹಲವು ಹಂತಗಳಲ್ಲಿ ನಡೆಯುತ್ತದೆ. ಅಕ್ಷಿಪಟದ ಮೇಲೆ ಬಿದ್ದ ಬೆಳಕು ನರಸಂಕೇತಗಳಾಗಿ ಮಾರ್ಪಟ್ಟು, ದೃಷ್ಟಿನರದ ಮೂಲಕ ಮೆದುಳಿನ ಒಳಭಾಗದಲ್ಲಿರುವ ಥಾಲಮಸ್‌ಗೆ, ಅಲ್ಲಿಂದ ತಲೆಯ ಹಿಂಭಾಗದಲ್ಲಿರುವ ಆಕ್ಸಿಪಿಟಲ್ ಹಾಲೆಗೆ ತಲುಪುತ್ತದೆ. ಈ ಹಾಲೆಯಲ್ಲಿರುವ ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸ್ ಗೆರೆ, ಅಂಚು, ಓರೆ, ಚಲನೆ ಮುಂತಾದ ಸರಳ ಅಂಶಗಳನ್ನು ಬಿಡಿಬಿಡಿಯಾಗಿ ಗ್ರಹಿಸುತ್ತದೆ. ಕಾರ್ಟೆಕ್ಸ್ ಎಂದರೆ ಮೆದುಳಿನ ಸುಕ್ಕುಗಟ್ಟಿದ ಹೊರಪದರ.

ಮುಂದೆ ಈ ಮಾಹಿತಿ ಎರಡು ಮುಖ್ಯ ಹಾದಿಗಳಲ್ಲಿ ಸಾಗುತ್ತದೆ ಎಂಬುದನ್ನು ಲೆಸ್ಲಿ ಅಂಗರ್‌ಲೈಡರ್ ಮತ್ತು ಮಾರ್ಟಿಮರ್ ಮಿಶ್ಕಿನ್ 1982ರಲ್ಲಿ ವಿವರಿಸಿದರು. ಕೆಳಗಿನ ಹಾದಿ ಆಕ್ಸಿಪಿಟಲ್ ಹಾಲೆಯಿಂದ ಕಿವಿಯ ಬದಿಯಲ್ಲಿರುವ ಟೆಂಪೊರಲ್ ಹಾಲೆಯ ಕಡೆಗೆ ಹೋಗುತ್ತದೆ. ಕಂಡದ್ದು ಏನು ಎಂಬುದನ್ನು ತಿಳಿಸುವುದು ಇದರ ಕೆಲಸ. ಮೇಲಿನ ಹಾದಿ ನೆತ್ತಿಯ ಹಿಂಬದಿಯಲ್ಲಿರುವ ಪರೈಟಲ್ ಹಾಲೆಗೆ ಹೋಗುತ್ತದೆ. ವಸ್ತು ಎಲ್ಲಿದೆ, ಅದರತ್ತ ಕೈ ಚಾಚುವುದು ಹೇಗೆ ಎಂಬುದು ಇದಕ್ಕೆ ಸಂಬಂಧಿಸಿದೆ. ಮೆಲ್ವಿನ್ ಗುಡೇಲ್ ಮತ್ತು ಡೇವಿಡ್ ಮಿಲ್ನರ್ 1992ರಲ್ಲಿ ಈ ವಿವರಣೆಯನ್ನು ತಿದ್ದಿ, ಮೇಲಿನ ಹಾದಿಯನ್ನು ಕ್ರಿಯೆಗೆ ಬೇಕಾದ ನೋಟವೆಂದೂ ಕೆಳಗಿನದನ್ನು ಅರಿವಿಗೆ ಬೇಕಾದ ನೋಟವೆಂದೂ ನಿರೂಪಿಸಿದರು. ವಿಷಾನಿಲದಿಂದ ಮೆದುಳಿಗೆ ಹಾನಿಯಾಗಿದ್ದ ಒಬ್ಬ ಮಹಿಳೆಯ ಅಧ್ಯಯನ ಅವರ ವಾದಕ್ಕೆ ಆಧಾರವಾಗಿತ್ತು. ಎದುರಿನ ಸೀಳುಗಂಡಿ ಯಾವ ಓರೆಯಲ್ಲಿದೆ ಎಂದು ಆಕೆಗೆ ಹೇಳಲು ಬರುತ್ತಿರಲಿಲ್ಲ. ಆದರೆ ಕೈಯಲ್ಲಿದ್ದ ಕಾರ್ಡನ್ನು ಸರಿಯಾದ ಓರೆಗೆ ತಿರುಗಿಸಿ ಅದರೊಳಗೆ ತೂರಿಸುತ್ತಿದ್ದರು.

ಕೆಳಗಿನ ಹಾದಿಯಲ್ಲಿಯೂ ಕೆಲಸದ ಹಂಚಿಕೆ ಇದೆ.

* ಆಕ್ಸಿಪಿಟಲ್ ಹಾಲೆಯ ಹೊರಬದಿಯ ಭಾಗಗಳು ಬಿಡಿ ಗೆರೆಗಳನ್ನು ಕೂಡಿಸಿ ಒಂದು ಇಡೀ ಆಕಾರವನ್ನು ಕಟ್ಟುತ್ತವೆ.
* ಟೆಂಪೊರಲ್ ಹಾಲೆಯ ತಳದಲ್ಲಿರುವ ಫ್ಯೂಸಿಫಾರ್ಮ್ ಮಡಿಕೆಯಲ್ಲಿ ಮುಖಗಳಿಗೆ ವಿಶೇಷವಾಗಿ ಸ್ಪಂದಿಸುವ ಪ್ರದೇಶವಿದೆ.
* ಟೆಂಪೊರಲ್ ಹಾಲೆಯ ಒಳಬದಿಯಲ್ಲಿರುವ ಪೆರಿರೈನಲ್ ಕಾರ್ಟೆಕ್ಸ್, ಒಂದನ್ನೊಂದು ಬಹಳವಾಗಿ ಹೋಲುವ ವಸ್ತುಗಳ ನಡುವಿನ ವ್ಯತ್ಯಾಸವನ್ನು ತಿಳಿಯಲು ನೆರವಾಗುತ್ತದೆ.
* ಟೆಂಪೊರಲ್ ಹಾಲೆಯ ಮುಂಭಾಗವು ಕಂಡ ಆಕಾರವನ್ನು ಅದರ ಅರ್ಥದೊಂದಿಗೆ, ಅಂದರೆ ಹೆಸರು, ಉಪಯೋಗ, ವಾಸನೆ, ಸದ್ದು ಮುಂತಾದ ತಿಳಿವಳಿಕೆಯೊಂದಿಗೆ, ಜೋಡಿಸುತ್ತದೆ.

ಡಿಮೆನ್ಶಿಯಾಕ್ಕೆ ಕಾರಣವಾಗುವ ಕಾಯಿಲೆಗಳು ಇಡೀ ಮೆದುಳನ್ನು ಒಮ್ಮೆಗೇ ಆವರಿಸುವುದಿಲ್ಲ. ಒಂದೊಂದು ಕಾಯಿಲೆಯೂ ತನಗೆ ವಿಶಿಷ್ಟವಾದ ಸ್ಥಳದಲ್ಲಿ ಮೊದಲುಗೊಂಡು ಹರಡುತ್ತದೆ. ಆದುದರಿಂದ ಗುರುತಿಸುವಿಕೆ ಯಾವ ಹಂತದಲ್ಲಿ ತಪ್ಪುತ್ತಿದೆ ಎಂಬುದನ್ನು ತಿಳಿದರೆ, ಕಾಯಿಲೆ ಮೆದುಳಿನ ಯಾವ ಭಾಗದಲ್ಲಿದೆ, ಯಾವ ಬಗೆಯದ್ದಿರಬಹುದು ಎಂಬುದರ ಸುಳಿವು ಸಿಗುತ್ತದೆ.

ಇತಿಹಾಸ

ಜರ್ಮನಿಯ ನರರೋಗ ತಜ್ಞ ಹೈನ್ರಿಕ್ ಲಿಸೌವರ್ 1890ರಲ್ಲಿ ಇಂತಹ ತೊಂದರೆಯನ್ನು ಎರಡು ಬಗೆಯಾಗಿ ವಿಂಗಡಿಸಿದನು. ಮೊದಲನೆಯದರಲ್ಲಿ ಆಕಾರವನ್ನು ಕಟ್ಟಿಕೊಳ್ಳುವ ಹಂತವೇ ಕೆಟ್ಟಿರುತ್ತದೆ. ಎರಡನೆಯದರಲ್ಲಿ ಆಕಾರ ಸರಿಯಾಗಿ ಕಂಡರೂ ಅದಕ್ಕೆ ಅರ್ಥ ಕೂಡಿಬರುವುದಿಲ್ಲ. ಇವನ್ನು ಈಗ ಕ್ರಮವಾಗಿ ಅಪರ್ಸೆಪ್ಟಿವ್ ಅಗ್ನೋಸಿಯಾ ಮತ್ತು ಅಸೋಸಿಯೇಟಿವ್ ಅಗ್ನೋಸಿಯಾ ಎಂದು ಕರೆಯಲಾಗುತ್ತದೆ. ಅಗ್ನೋಸಿಯಾ ಎಂಬ ಪದವನ್ನು 1891ರಲ್ಲಿ ಬಳಕೆಗೆ ತಂದವನು ಸಿಗ್ಮಂಡ್ ಫ್ರಾಯ್ಡ್. ಗ್ರೀಕ್ ಮೂಲದ ಈ ಪದಕ್ಕೆ ಅರಿವಿಲ್ಲದಿರುವುದು ಎಂದರ್ಥ.

ಆಲ್‌ಝೈಮರ್ ಕಾಯಿಲೆಯ ಮೊದಲ ದಾಖಲೆಯಲ್ಲಿಯೂ ಗುರುತಿಸುವಿಕೆಯ ಪರೀಕ್ಷೆ ಇದೆ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಆಲೋಯ್ಸ್ ಆಲ್‌ಝೈಮರ್ ತನ್ನ ರೋಗಿ ಆಗುಸ್ಟ್ ಡೀಟರ್ ಎಂಬಾಕೆಗೆ ಪೆನ್ಸಿಲ್, ಪೆನ್ನು, ಬೀಗದ ಕೈ, ಸಿಗಾರ್ ಮುಂತಾದ ವಸ್ತುಗಳನ್ನು ತೋರಿಸಿದನು. ಆಕೆ ಅವುಗಳನ್ನು ಸರಿಯಾಗಿಯೇ ಗುರುತಿಸಿದಳು. ಆದರೆ ಸ್ವಲ್ಪ ಹೊತ್ತಿನ ನಂತರ ಏನೇನು ತೋರಿಸಲಾಗಿತ್ತು ಎಂಬುದು ಆಕೆಗೆ ನೆನಪಿರಲಿಲ್ಲ. ನೋಡಿ ಗುರುತಿಸುವ ಶಕ್ತಿ ಮತ್ತು ನೋಡಿದ್ದನ್ನು ನೆನಪಿಡುವ ಶಕ್ತಿ ಬೇರೆಬೇರೆ ಎಂಬುದಕ್ಕೆ ಇದು ಉತ್ತಮ ನಿದರ್ಶನ. ಈ ಪ್ರಕರಣವನ್ನು ಆತ 1906ರಲ್ಲಿ ಟ್ಯೂಬಿಂಗೆನ್‌ನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಮಂಡಿಸಿದನು.

ಇದಕ್ಕೆ ವಿರುದ್ಧವಾದ ಚಿತ್ರ, ಅಂದರೆ ನೆನಪು ಬಹುಮಟ್ಟಿಗೆ ಉಳಿದು ನೋಟ ಕೆಡುವ ಸ್ಥಿತಿ, ಸ್ಪಷ್ಟವಾಗಿ ವರ್ಣಿತವಾದದ್ದು 1988ರಲ್ಲಿ. ಅಮೆರಿಕದ ನರರೋಗ ತಜ್ಞ ಡಿ. ಫ್ರಾಂಕ್ ಬೆನ್ಸನ್ ಮತ್ತು ಸಂಗಡಿಗರು ಇಂತಹ ಐವರು ರೋಗಿಗಳನ್ನು ವರ್ಣಿಸಿ, ಆ ಸ್ಥಿತಿಗೆ ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೊಫಿ ಎಂದು ಹೆಸರಿಟ್ಟರು. ಮೆದುಳಿನ ಹಿಂಭಾಗದ ಹೊರಪದರ ಸವೆಯುವುದು ಎಂಬುದು ಈ ಹೆಸರಿನ ಅರ್ಥ.

ಕಾಯಿಲೆಗಳು ಮತ್ತು ಅವುಗಳ ಪರಿಣಾಮ

ಸಾಮಾನ್ಯ ಬಗೆಯ ಆಲ್‌ಝೈಮರ್ ಕಾಯಿಲೆ

ಆಲ್‌ಝೈಮರ್ ಕಾಯಿಲೆಯಲ್ಲಿ ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನಿನ ತುಣುಕುಗಳು ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ಕೋಶಗಳ ಒಳಗೆ ಟಾವ್ ಎಂಬ ಪ್ರೋಟೀನು ಸಿಕ್ಕುಗಟ್ಟುತ್ತದೆ. ಟಾವ್ ಸಿಕ್ಕುಗಳು ಹರಡುವ ಕ್ರಮವನ್ನು ಹೈಕೋ ಬ್ರಾಕ್ ಮತ್ತು ಇವಾ ಬ್ರಾಕ್ ದಂಪತಿ 1991ರಲ್ಲಿ ಆರು ಹಂತಗಳಾಗಿ ವಿವರಿಸಿದರು. ಕಾರ್ಟೆಕ್ಸ್‌ನಲ್ಲಿ ಇವು ಮೊದಲು ಕಾಣಿಸಿಕೊಳ್ಳುವುದು ಟೆಂಪೊರಲ್ ಹಾಲೆಯ ಒಳಬದಿಯಲ್ಲಿ; ಅಲ್ಲಿಂದ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ಗೆ, ಆಮೇಲೆ ಉಳಿದ ಕಾರ್ಟೆಕ್ಸ್‌ಗೆ ಹರಡುತ್ತವೆ. ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸ್ ತುತ್ತಾಗುವುದು ಕೊನೆಯ ಹಂತದಲ್ಲಿ. ಈ ಕಾರಣದಿಂದಲೇ ಹೆಚ್ಚಿನ ರೋಗಿಗಳಲ್ಲಿ ಮರೆವು ಮೊದಲು ಬರುತ್ತದೆ, ಲೋಟ, ಕುರ್ಚಿ, ಚಪ್ಪಲಿಗಳಂತಹ ನಿತ್ಯದ ವಸ್ತುಗಳನ್ನು ಗುರುತಿಸುವ ಶಕ್ತಿ ಬಹುಕಾಲ ಉಳಿದಿರುತ್ತದೆ.

ಆದರೂ ಸೂಕ್ಷ್ಮ ಬದಲಾವಣೆಗಳು ಬೇಗನೆ ಕಾಣಬಹುದು. ಸಿಕ್ಕುಗಳು ಮೊದಲುಗೊಳ್ಳುವ ತಾಣವು ಪೆರಿರೈನಲ್ ಕಾರ್ಟೆಕ್ಸ್‌ನ ಒಳ ಅಂಚಿಗೆ ಸೇರಿದ್ದು. ಆದುದರಿಂದ ಒಂದೇ ತರಹದ ಹಲವು ವಸ್ತುಗಳ ನಡುವೆ ಬೇಕಾದುದನ್ನು ಆರಿಸುವುದು ಕಷ್ಟವಾಗಬಹುದು: ಒಂದೇ ಗಾತ್ರದ ಡಬ್ಬಿಗಳ ಸಾಲಿನಲ್ಲಿ ಬೇಕಾದ ಡಬ್ಬಿ, ಒಂದೇ ಬಣ್ಣದ ಮಾತ್ರೆಗಳಲ್ಲಿ ಬೆಳಗಿನ ಮಾತ್ರೆ. ಇದರ ಜೊತೆಗೆ ಬೆಳಕು ಮತ್ತು ನೆರಳಿನ ಸಣ್ಣ ವ್ಯತ್ಯಾಸವನ್ನು ಗ್ರಹಿಸುವ ಶಕ್ತಿ ತಗ್ಗುವುದೂ ಉಂಟು. ಬಿಳಿಯ ತಟ್ಟೆಯಲ್ಲಿರುವ ಬಿಳಿಯ ಅನ್ನ, ತಿಳಿಬಣ್ಣದ ಗೋಡೆಯ ಮೇಲಿನ ತಿಳಿಬಣ್ಣದ ಸ್ವಿಚ್ಚು ಇಂಥವು ಬೇರೆಯಾಗಿ ಎದ್ದು ಕಾಣುವುದಿಲ್ಲ.

ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೊಫಿ

ಇದು ಸಾಮಾನ್ಯವಾಗಿ 50ರಿಂದ 65ರ ವಯಸ್ಸಿನೊಳಗೆ ಮೊದಲುಗೊಳ್ಳುತ್ತದೆ. ಬಹುತೇಕ ಪ್ರಕರಣಗಳಲ್ಲಿ ಮೂಲ ಕಾರಣ ಆಲ್‌ಝೈಮರ್ ಕಾಯಿಲೆಯೇ ಆಗಿದ್ದು, ಟಾವ್ ಸಿಕ್ಕುಗಳು ಮೆದುಳಿನ ಹಿಂಭಾಗದಲ್ಲಿ ದಟ್ಟವಾಗಿರುತ್ತವೆ. ಲ್ಯೂಯಿ ಕಾಯಗಳ ಕಾಯಿಲೆ, ಕಾರ್ಟಿಕೊಬೇಸಲ್ ಕ್ಷಯ, ಪ್ರಿಯಾನ್ ಕಾಯಿಲೆಗಳು ಕೆಲವರಲ್ಲಿ ಕಾರಣವಾಗಿರುತ್ತವೆ. ಆರಂಭದಲ್ಲಿ ನೆನಪು, ಮಾತು ಮತ್ತು ತನ್ನ ಸ್ಥಿತಿಯ ಅರಿವು ಹೆಚ್ಚುಕಡಿಮೆ ಚೆನ್ನಾಗಿರುವುದರಿಂದ, ತನಗೇನೋ ಆಗುತ್ತಿದೆ ಎಂಬುದು ರೋಗಿಗೆ ತಿಳಿಯುತ್ತದೆ. ಇದರಿಂದ ಆತಂಕ ಮತ್ತು ಖಿನ್ನತೆ ಉಂಟಾಗುವುದು ಸಾಮಾನ್ಯ.

ಇದರ ಮುಖ್ಯ ಲಕ್ಷಣಗಳು ಹೀಗಿವೆ.

* ಆಕಾರ ಕಟ್ಟುವಲ್ಲಿ ತೊಡಕು. ನೇರವಾಗಿ ಇಟ್ಟ ಕತ್ತರಿಯನ್ನು ಗುರುತಿಸಬಲ್ಲವರು, ಅದನ್ನು ಓರೆಯಾಗಿ ಅಥವಾ ಅರ್ಧ ಮುಚ್ಚಿ ಇಟ್ಟಾಗ ಗುರುತಿಸಲಾರರು.
* ಒಮ್ಮೆಗೆ ಒಂದಕ್ಕಿಂತ ಹೆಚ್ಚು ವಸ್ತುಗಳನ್ನು ಕಾಣಲಾಗದಿರುವುದು. ಇದನ್ನು ಸೈಮಲ್ಟೇನಗ್ನೋಸಿಯಾ ಎನ್ನುತ್ತಾರೆ. ಚಿತ್ರದಲ್ಲಿರುವ ಬಿಡಿ ವಸ್ತುಗಳು ಕಾಣುತ್ತವೆ, ಇಡೀ ದೃಶ್ಯ ಕೂಡಿಬರುವುದಿಲ್ಲ.
* ಕಣ್ಣೆದುರಿಗೇ ಇರುವ ವಸ್ತು ಸಿಗದಿರುವುದು, ಕೈ ಚಾಚಿದಾಗ ಗುರಿ ತಪ್ಪುವುದು, ಮೆಟ್ಟಿಲಿನ ಆಳ ತಿಳಿಯದಿರುವುದು.
* ಓದುವಾಗ ಸಾಲು ತಪ್ಪುವುದು, ಬರೆಯಲು, ಲೆಕ್ಕ ಮಾಡಲು, ಉಡುಪು ತೊಡಲು ಕಷ್ಟವಾಗುವುದು.

ಈ ಸ್ಥಿತಿಯಲ್ಲಿ ಕೆಲವರಿಗೆ ಚಿಕ್ಕ ಅಕ್ಷರಕ್ಕಿಂತ ದೊಡ್ಡ ಅಕ್ಷರವನ್ನು ಓದುವುದೇ ಹೆಚ್ಚು ಕಷ್ಟವಾಗುತ್ತದೆ. ಒಮ್ಮೆಗೆ ಗಮನಕ್ಕೆ ಬರುವ ನೋಟದ ವ್ಯಾಪ್ತಿ ಕಿರಿದಾಗಿರುವುದರಿಂದ ದೊಡ್ಡ ಅಕ್ಷರದ ಒಂದು ಭಾಗ ಮಾತ್ರ ಅದರೊಳಗೆ ಸಿಗುತ್ತದೆ. ಹೀಗಾಗಿ ಭೂತಗನ್ನಡಿ ಅಥವಾ ದಪ್ಪ ಅಕ್ಷರದ ಪುಸ್ತಕ ಕೊಡುವುದರಿಂದ ಎಲ್ಲರಿಗೂ ಅನುಕೂಲವಾಗುವುದಿಲ್ಲ.

ಸೆಮ್ಯಾಂಟಿಕ್ ಡಿಮೆನ್ಶಿಯಾ

ಇದು ಟೆಂಪೊರಲ್ ಹಾಲೆಗಳ ಮುಂಭಾಗ ಸವೆಯುವುದರಿಂದ ಬರುವ ಕಾಯಿಲೆಯಾಗಿದ್ದು, ಫ್ರಂಟೊಟೆಂಪೊರಲ್ ಡಿಮೆನ್ಶಿಯಾದ ಗುಂಪಿಗೆ ಸೇರುತ್ತದೆ. ಅರ್ಥಸ್ಮೃತಿ ಮಾತ್ರ ಪ್ರತ್ಯೇಕವಾಗಿ ನಶಿಸಬಹುದು ಎಂಬುದನ್ನು ಬ್ರಿಟನ್ನಿನ ಎಲಿಜಬೆತ್ ವಾರಿಂಗ್‌ಟನ್ 1975ರಲ್ಲಿ ತೋರಿಸಿದರು; ಸೆಮ್ಯಾಂಟಿಕ್ ಡಿಮೆನ್ಶಿಯಾ ಎಂಬ ಹೆಸರು 1989ರಲ್ಲಿ ಬಂದಿತು. ಇಲ್ಲಿ ಆಕಾರ ಸರಿಯಾಗಿ ಕಾಣುತ್ತದೆ. ರೋಗಿಯು ಎದುರಿಗಿರುವ ಚಿತ್ರವನ್ನು ನೋಡಿಕೊಂಡು ಯಥಾವತ್ತಾಗಿ ಬರೆಯಬಲ್ಲನು. ಕಳೆದುಹೋಗಿರುವುದು ಆ ವಸ್ತುವಿನ ಬಗೆಗಿನ ತಿಳಿವಳಿಕೆ. ಬಾತುಕೋಳಿಯ ಚಿತ್ರವನ್ನು ಮರೆಮಾಡಿ ಸ್ವಲ್ಪ ಹೊತ್ತಿನ ಮೇಲೆ ಬರೆಯಲು ಹೇಳಿದಾಗ, ಕೆಲವು ರೋಗಿಗಳು ಅದಕ್ಕೆ ನಾಲ್ಕು ಕಾಲುಗಳನ್ನು ಬರೆದುದು ದಾಖಲಾಗಿದೆ. ಬಾತುಕೋಳಿಯ ವಿಶೇಷ ಗುಣಗಳು ಅಳಿಸಿಹೋಗಿ, ಪ್ರಾಣಿ ಎಂಬ ಸಾಮಾನ್ಯ ಕಲ್ಪನೆ ಮಾತ್ರ ಉಳಿದಿರುವುದೇ ಇದಕ್ಕೆ ಕಾರಣ.

ಇಲ್ಲಿ ನಷ್ಟವಾಗಿರುವುದು ಅರ್ಥವೇ ಆದುದರಿಂದ, ವಸ್ತುವನ್ನು ಮುಟ್ಟಿದರೂ ಅದರ ಸದ್ದು ಕೇಳಿದರೂ ಹೆಚ್ಚಿನ ನೆರವಾಗುವುದಿಲ್ಲ. ಬಲಬದಿಯ ಟೆಂಪೊರಲ್ ಹಾಲೆಗೆ ಹೆಚ್ಚು ಹಾನಿಯಾಗಿದ್ದರೆ ಪರಿಚಿತರ ಮುಖಗಳನ್ನು ಗುರುತಿಸುವುದು ಆರಂಭದಲ್ಲಿಯೇ ಕಷ್ಟವಾಗುತ್ತದೆ.

ಲ್ಯೂಯಿ ಕಾಯಗಳ ಡಿಮೆನ್ಶಿಯಾ

ನರಕೋಶಗಳೊಳಗೆ ಉಂಟಾಗುವ ಈ ಪ್ರೋಟೀನ್ ಉಂಡೆಗಳನ್ನು ಫ್ರಿಟ್ಸ್ ಹೈನ್ರಿಕ್ ಲ್ಯೂಯಿ 1912ರಲ್ಲಿ ವರ್ಣಿಸಿದನು. ಅವು ಕಾರ್ಟೆಕ್ಸ್‌ನಲ್ಲಿ ಹರಡಿ ಡಿಮೆನ್ಶಿಯಾ ಉಂಟಾಗುವುದನ್ನು ಜಪಾನಿನ ಕೆಂಜಿ ಕೊಸಾಕ 1976ರಿಂದ ಮುಂದಕ್ಕೆ ವಿವರಿಸಿದರು. ಈ ಕಾಯಿಲೆಯಲ್ಲಿ ಗುರುತಿಸುವಿಕೆ ಕುಂದುವುದಷ್ಟೇ ಅಲ್ಲ, ಇಲ್ಲದ್ದನ್ನು ಕಾಣುವುದೂ ಇದೆ. ಗೂಟಕ್ಕೆ ನೇತುಹಾಕಿದ ಅಂಗಿ ಮನುಷ್ಯನಂತೆ, ಪರದೆಯ ಹೂವಿನ ಚಿತ್ತಾರ ಮುಖದಂತೆ ತೋರುತ್ತದೆ. ಇಂತಹ ತಪ್ಪುಗ್ರಹಿಕೆಗೆ ಪ್ಯಾರೈಡೋಲಿಯಾ ಎಂದು ಹೆಸರು. ಎದುರಿಗೆ ಏನೂ ಇಲ್ಲದಿದ್ದರೂ ಮಕ್ಕಳು ಅಥವಾ ಪ್ರಾಣಿಗಳು ಸ್ಪಷ್ಟವಾಗಿ ಕಾಣುವ ದೃಶ್ಯ ಭ್ರಮೆಗಳು ಈ ಕಾಯಿಲೆಯ ಪ್ರಮುಖ ಲಕ್ಷಣಗಳಲ್ಲಿ ಒಂದು. ದಿನದಿಂದ ದಿನಕ್ಕೆ, ಕೆಲವೊಮ್ಮೆ ಗಂಟೆಗಂಟೆಗೆ ಎಚ್ಚರದ ಮಟ್ಟ ಏರಿಳಿಯುವುದು, ನಡೆ ನಿಧಾನವಾಗುವುದು, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಆಡಿಸುವುದು ಇದರ ಇತರ ಲಕ್ಷಣಗಳು.

ಹೆಸರು ಮರೆಯುವುದಕ್ಕೂ ಗುರುತು ತಪ್ಪುವುದಕ್ಕೂ ಇರುವ ವ್ಯತ್ಯಾಸ

ಮನೆಯವರು ಮತ್ತು ವೈದ್ಯರು ಗಮನಿಸಬೇಕಾದ ಮುಖ್ಯ ಅಂಶ ಇದು. ಬೀಗದ ಕೈ ತೋರಿಸಿದಾಗ ಹೆಸರು ಬಾರದೆ "ಬಾಗಿಲು ತೆಗೆಯುವುದಕ್ಕೆ ಇರುವುದು" ಎಂದು ಹೇಳಿ, ತಿರುಗಿಸುವಂತೆ ಕೈ ಆಡಿಸಿ ತೋರಿಸುವವರು ವಸ್ತುವನ್ನು ಗುರುತಿಸಿದ್ದಾರೆ. ಅವರಿಗೆ ಪದ ಸಿಗುತ್ತಿಲ್ಲ, ಅಷ್ಟೆ. ಅದೇ ಬೀಗದ ಕೈಯನ್ನು ನೋಡಿ ಏನೆಂದು ತಿಳಿಯದವರು, ಅದನ್ನು ಕೈಗೆ ಕೊಟ್ಟಾಗ ಅಥವಾ ಗೊಂಚಲನ್ನು ಅಲ್ಲಾಡಿಸಿ ಸದ್ದು ಮಾಡಿದಾಗ ಕೂಡಲೇ ಹೇಳಿದರೆ, ತೊಂದರೆ ನೋಟದ ಹಾದಿಯಲ್ಲಿದೆ. ನೋಡಿದರೂ ಮುಟ್ಟಿದರೂ ಸದ್ದು ಕೇಳಿದರೂ ಅದು ಯಾವುದಕ್ಕೆ ಎಂಬುದೇ ತಿಳಿಯದಿದ್ದರೆ, ಅರ್ಥಸ್ಮೃತಿಗೆ ಹಾನಿಯಾಗಿರಬಹುದು. ಬೀಗದ ಕೈ ಇಟ್ಟ ಜಾಗ ಮರೆತುಹೋಗುವುದು ಇವೆಲ್ಲಕ್ಕಿಂತ ಬೇರೆ. ಅದು ಘಟನೆಗಳ ನೆನಪಿಗೆ ಸಂಬಂಧಿಸಿದ್ದು, ಆರೋಗ್ಯವಂತರಲ್ಲಿಯೂ ಆಗಾಗ ನಡೆಯುತ್ತದೆ.

ಪರೀಕ್ಷೆ ಮತ್ತು ರೋಗನಿರ್ಣಯ

ಮೊದಲು ಕಣ್ಣಿನ ಪರೀಕ್ಷೆ ನಡೆಯಬೇಕು. ಪೊರೆ, ಗ್ಲಾಕೋಮಾ, ಅಕ್ಷಿಪಟದ ಕಾಯಿಲೆಗಳು ವೃದ್ಧಾಪ್ಯದಲ್ಲಿ ಸಾಮಾನ್ಯವಾಗಿದ್ದು, ಡಿಮೆನ್ಶಿಯಾದೊಂದಿಗೆ ಒಟ್ಟಿಗೆ ಇರುವುದೂ ಉಂಟು. ಕಣ್ಣಿನ ದೋಷವನ್ನು ಸರಿಪಡಿಸಿದ ಮೇಲೂ ತೊಂದರೆ ಹಾಗೆಯೇ ಇದ್ದರೆ, ಅಥವಾ ಕಣ್ಣಿನಲ್ಲಿ ಕಂಡ ದೋಷಕ್ಕೂ ರೋಗಿಯ ಕಷ್ಟಕ್ಕೂ ಹೊಂದಾಣಿಕೆಯಾಗದಿದ್ದರೆ, ನರರೋಗ ತಜ್ಞರನ್ನು ಕಾಣುವುದು ಅಗತ್ಯ. ನೋಟದ ತೊಂದರೆ ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದಾದ್ದರಿಂದ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗುರುತಿಸುವಿಕೆಯನ್ನು ಹಂತಹಂತವಾಗಿ ಅಳೆಯಲು ಹಲವು ಪರೀಕ್ಷೆಗಳಿವೆ.

* ಒಂದರ ಮೇಲೊಂದು ಬರೆದ ಹಲವು ರೇಖಾಚಿತ್ರಗಳಲ್ಲಿ ಒಂದೊಂದನ್ನೂ ಬಿಡಿಸಿ ಹೇಳಿಸುವುದು. ಮೊದಲ ಮಹಾಯುದ್ಧದಲ್ಲಿ ತಲೆಗೆ ಪೆಟ್ಟಾದ ಸೈನಿಕರ ಅಧ್ಯಯನಕ್ಕಾಗಿ ಜರ್ಮನಿಯ ವಾಲ್ಟರ್ ಪೊಪೆಲ್‌ರಾಯ್ಟರ್ ಇದನ್ನು ಬಳಸಿದನು.
* ಅಲ್ಲಲ್ಲಿ ಅಳಿಸಿದ ಅಕ್ಷರಗಳನ್ನು, ಬರಿಯ ನೆರಳಿನಾಕಾರದ ವಸ್ತುಗಳನ್ನು ಗುರುತಿಸಲು ಹೇಳುವುದು. ವಾರಿಂಗ್‌ಟನ್ ಮತ್ತು ಮೆರ್ಲ್ ಜೇಮ್ಸ್ 1991ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆಯಲ್ಲಿ ಇಂಥವು ಇವೆ.
* ಚಿಕ್ಕ ಅಕ್ಷರಗಳನ್ನು ಜೋಡಿಸಿ ಮಾಡಿದ ಒಂದು ದೊಡ್ಡ ಅಕ್ಷರವನ್ನು ತೋರಿಸುವುದು. ಬಿಡಿಯಾದ ಚಿಕ್ಕ ಅಕ್ಷರ ಮಾತ್ರ ಕಂಡು ದೊಡ್ಡದು ಕಾಣದಿದ್ದರೆ ಸೈಮಲ್ಟೇನಗ್ನೋಸಿಯಾ ಇರುವ ಶಂಕೆ ಉಂಟಾಗುತ್ತದೆ.
* ಅರ್ಥದ ಮೇರೆಗೆ ಚಿತ್ರಗಳನ್ನು ಹೊಂದಿಸಲು ಹೇಳುವುದು. ಪಿರಮಿಡ್ಡಿನೊಂದಿಗೆ ಹೊಂದುವುದು ತಾಳೆಮರವೋ ಪೈನ್ ಮರವೋ ಎಂಬುದು ಇದರ ಪ್ರಸಿದ್ಧ ಉದಾಹರಣೆ.
* ಚಿತ್ರವನ್ನು ನೋಡಿ ಬರೆಯಲು, ಗಡಿಯಾರ ಬರೆಯಲು ಹೇಳುವುದು.

ಇವುಗಳ ಜೊತೆಗೆ ಎಂ.ಆರ್.ಐ. ಸ್ಕ್ಯಾನ್ ಮೆದುಳು ಎಲ್ಲಿ ಸವೆದಿದೆ ಎಂಬುದನ್ನೂ, ಪೆಟ್ ಸ್ಕ್ಯಾನ್ ಯಾವ ಭಾಗ ಕಡಿಮೆ ಸಕ್ಕರೆಯನ್ನು ಬಳಸುತ್ತಿದೆ ಎಂಬುದನ್ನೂ ತೋರಿಸುತ್ತವೆ. ಅಮಿಲಾಯ್ಡ್ ಮತ್ತು ಟಾವ್ ಪ್ರೋಟೀನುಗಳನ್ನು ಬೆನ್ನುಹುರಿಯ ದ್ರವದಲ್ಲಿ ಅಥವಾ ವಿಶೇಷ ಪೆಟ್ ಸ್ಕ್ಯಾನಿನ ಮೂಲಕ ಅಳೆಯಬಹುದು. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಹಾಗೂ ಕೆಲವು ಔಷಧಿಗಳ ಅಡ್ಡಪರಿಣಾಮಗಳು ಡಿಮೆನ್ಶಿಯಾದಂತೆ ತೋರಬಹುದಾದ್ದರಿಂದ ಅವುಗಳನ್ನೂ ಪರಿಶೀಲಿಸಲಾಗುತ್ತದೆ.

ಅಕ್ಷರಜ್ಞಾನ ಮತ್ತು ಭಾಷೆಯ ಪ್ರಭಾವ

ಚಿತ್ರ ತೋರಿಸಿ ನಡೆಸುವ ಪರೀಕ್ಷೆಯ ಫಲಿತಾಂಶ ಶಿಕ್ಷಣವನ್ನೂ ಅವಲಂಬಿಸಿದೆ. ಪೋರ್ಚುಗಲ್ಲಿನಲ್ಲಿ ಅಲೆಕ್ಸಾಂಡ್ರಾ ರೈಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಲ್ಲಿ, ಶಾಲೆಗೆ ಹೋಗದವರು ನಿಜವಾದ ವಸ್ತುಗಳನ್ನು ಓದಿದವರಷ್ಟೇ ಚೆನ್ನಾಗಿ ಹೆಸರಿಸಿದರು; ಅದೇ ವಸ್ತುಗಳ ರೇಖಾಚಿತ್ರಗಳನ್ನು ತೋರಿಸಿದಾಗ ಮಾತ್ರ ಹಿಂದೆ ಬಿದ್ದರು. ಕಾಗದದ ಮೇಲಿನ ಗೆರೆಗಳನ್ನು ವಸ್ತುವೆಂದು ಓದುವುದು ಕಲಿಕೆಯಿಂದ ಬರುವ ವಿದ್ಯೆ. ಆದುದರಿಂದ ಅಕ್ಷರಸ್ಥರಲ್ಲದ ಹಿರಿಯರು ಚಿತ್ರವನ್ನು ಗುರುತಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವರಿಗೆ ಅಗ್ನೋಸಿಯಾ ಇದೆ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಚಿತ್ರದ ಬದಲು ಸೌಟು, ಬಾಚಣಿಗೆ, ದೀಪದಂತಹ ನಿಜವಾದ ವಸ್ತುಗಳನ್ನು ತೋರಿಸುವುದು ಸೂಕ್ತ. ಹಾಗೆಯೇ ಕಂಡರಿಯದ ವಸ್ತುವನ್ನು ಹೆಸರಿಸದಿರುವುದು ಕಾಯಿಲೆಯಲ್ಲ. ಪೈನ್ ಮರವನ್ನು ನೋಡದವರಿಗೆ ಮೇಲೆ ಹೇಳಿದ ಪಿರಮಿಡ್ಡಿನ ಪ್ರಶ್ನೆ ನ್ಯಾಯವಾದುದಲ್ಲ.

ಈ ಕೊರತೆಯನ್ನು ನೀಗಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಭಾರತೀಯ ಭಾಷೆಗಳಿಗೆ ಮತ್ತು ಸಂಸ್ಕೃತಿಗೆ ಹೊಂದುವ ಪರೀಕ್ಷಾಮಾಲೆಯೊಂದನ್ನು ರೂಪಿಸಿದೆ. ಅದು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳ ಜೊತೆಗೆ ಕನ್ನಡದಲ್ಲಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಿಮೆನ್ಶಿಯಾದ ರೋಗನಿರ್ಣಯ, ಚಿಕಿತ್ಸೆ ಮತ್ತು ಸಂಶೋಧನೆ ನಡೆಯುತ್ತದೆ.

ಪತ್ತೆ ತಡವಾಗಲು ಕಾರಣಗಳು

ಕಣ್ಣಿನ ಪರೀಕ್ಷೆಯಲ್ಲಿ ಒಂದೊಂದೇ ಅಕ್ಷರವನ್ನು ಬಿಡಿಯಾಗಿ ಓದಿಸಿದಾಗ ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೊಫಿ ಇರುವವರು ಸರಿಯಾಗಿ ಓದಬಹುದು. ಸಂತೆಯ ಗದ್ದಲದಲ್ಲಿ, ತುಂಬಿದ ಕಪಾಟಿನಲ್ಲಿ, ವಾಹನ ಸಂಚಾರದ ನಡುವೆ ಅವರು ಪಡುವ ಕಷ್ಟ ಆ ಪರೀಕ್ಷೆಗೆ ಸಿಗುವುದಿಲ್ಲ. ಹೀಗಾಗಿ ಕನ್ನಡಕವನ್ನು ಮತ್ತೆಮತ್ತೆ ಬದಲಾಯಿಸುವುದು, ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ಪ್ರಯೋಜನ ಕಾಣದಿರುವುದು ನಡೆಯುತ್ತದೆ. ನೆನಪಿನ ಪರೀಕ್ಷೆಯಲ್ಲಿ ಉತ್ತಮ ಅಂಕ ಬರುವುದರಿಂದ ಡಿಮೆನ್ಶಿಯಾದ ಅನುಮಾನವೂ ಹುಟ್ಟುವುದಿಲ್ಲ. ಒಂದು ದಿನ ಕಂಡದ್ದು ಇನ್ನೊಂದು ದಿನ ಕಾಣದಿರುವುದರಿಂದ ಮನೆಯವರು ಅದನ್ನು ಅಲಕ್ಷ್ಯ, ಹಟ ಅಥವಾ ನಟನೆ ಎಂದು ತಪ್ಪಾಗಿ ತಿಳಿಯಬಹುದು. ಈ ತಪ್ಪು ತಿಳಿವಳಿಕೆಯಿಂದ ರೋಗಿಗೆ ಆಗುವ ನೋವು ಕಾಯಿಲೆಯ ನೋವಿಗಿಂತ ಕಡಿಮೆಯದ್ದಲ್ಲ.

ಇಂಗ್ಲೆಂಡಿನ ಕಾದಂಬರಿಕಾರ ಟೆರಿ ಪ್ರಾಚೆಟ್ ಅವರ ಪ್ರಕರಣದಿಂದ ಈ ಸ್ಥಿತಿ ಜನಸಾಮಾನ್ಯರ ಗಮನಕ್ಕೆ ಬಂದಿತು. ಡಿಸ್ಕ್‌ವರ್ಲ್ಡ್ ಕಾದಂಬರಿಮಾಲೆಯ ಕರ್ತೃವಾದ ಅವರ ತೊಂದರೆಯನ್ನು ಮೊದಲು ಪಾರ್ಶ್ವವಾಯುವಿನ ಪರಿಣಾಮವೆಂದು ಭಾವಿಸಲಾಗಿತ್ತು. ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೊಫಿ ಇರುವುದು ಪತ್ತೆಯಾದ ಸಂಗತಿಯನ್ನು ಅವರು 2007ರ ಡಿಸೆಂಬರ್‌ನಲ್ಲಿ ಬಹಿರಂಗಪಡಿಸಿದರು. ಬೆರಳಚ್ಚು ಮಾಡುವುದು ಕಷ್ಟವಾದ ಮೇಲೆ ಮಾತಿನಲ್ಲಿ ಹೇಳಿ ಬರೆಸುತ್ತ, ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶವನ್ನು ಬಳಸುತ್ತ ಕಾದಂಬರಿಗಳನ್ನು ರಚಿಸುವುದನ್ನು ಮುಂದುವರಿಸಿದರು. 2015ರ ಮಾರ್ಚ್ 12ರಂದು ತಮ್ಮ 66ನೆಯ ವಯಸ್ಸಿನಲ್ಲಿ ನಿಧನರಾದರು.

ಚಿಕಿತ್ಸೆ ಮತ್ತು ಆರೈಕೆ

ಈ ಕಾಯಿಲೆಗಳನ್ನು ಪೂರ್ತಿಯಾಗಿ ಗುಣಪಡಿಸುವ ಔಷಧಿ ಇಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಮುಂತಾದ ಔಷಧಿಗಳು ಆಲ್‌ಝೈಮರ್ ಮತ್ತು ಲ್ಯೂಯಿ ಕಾಯಗಳ ಡಿಮೆನ್ಶಿಯಾದಲ್ಲಿ ಕೆಲವರ ಲಕ್ಷಣಗಳನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತವೆ. ಅಮಿಲಾಯ್ಡನ್ನು ತೆಗೆದುಹಾಕುವ ಲೆಕನೆಮ್ಯಾಬ್ ಎಂಬ ಔಷಧಿಗೆ 2023ರಲ್ಲಿ, ಡೊನಾನೆಮ್ಯಾಬ್ ಎಂಬುದಕ್ಕೆ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ದೊರೆಯಿತು. ಇವು ಆಲ್‌ಝೈಮರ್ ಕಾಯಿಲೆಯ ಆರಂಭಿಕ ಹಂತಕ್ಕೆ ಮಾತ್ರ ಮೀಸಲಾಗಿದ್ದು, ಅವನತಿಯ ವೇಗವನ್ನು ಕೊಂಚ ತಗ್ಗಿಸುತ್ತವೆ. ಮೆದುಳಿನಲ್ಲಿ ಊತ ಮತ್ತು ರಕ್ತಸ್ರಾವದ ಅಪಾಯವೂ ಇದೆ. ಲ್ಯೂಯಿ ಕಾಯಗಳ ಡಿಮೆನ್ಶಿಯಾದಲ್ಲಿ ಭ್ರಮೆ ತಗ್ಗಿಸಲು ಕೊಡುವ ಕೆಲವು ಮನೋರೋಗದ ಔಷಧಿಗಳು ತೀವ್ರವಾದ, ಪ್ರಾಣಾಪಾಯಕಾರಿಯಾದ ಪ್ರತಿಕ್ರಿಯೆಯನ್ನು ಉಂಟುಮಾಡಬಹುದು. ಆದುದರಿಂದ ರೋಗ ಯಾವ ಬಗೆಯದೆಂಬುದನ್ನು ಸರಿಯಾಗಿ ತಿಳಿಯುವುದು ಬಹಳ ಮುಖ್ಯ.

ಗುರುತಿಸುವಿಕೆ ಯಾವ ಹಂತದಲ್ಲಿ ತಪ್ಪುತ್ತಿದೆ ಎಂಬುದಕ್ಕೆ ತಕ್ಕಂತೆ ಮನೆಯ ವ್ಯವಸ್ಥೆಯನ್ನು ಬದಲಿಸಿಕೊಂಡರೆ ದಿನನಿತ್ಯದ ಬದುಕು ಸುಗಮವಾಗುತ್ತದೆ.

* ಹಿನ್ನೆಲೆಗಿಂತ ಎದ್ದು ಕಾಣುವ ಬಣ್ಣವನ್ನು ಬಳಸಬೇಕು. ಬೋಸ್ಟನ್ನಿನಲ್ಲಿ ಮುಂದುವರಿದ ಹಂತದ ಆಲ್‌ಝೈಮರ್ ರೋಗಿಗಳ ಒಂದು ಚಿಕ್ಕ ಗುಂಪಿನ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಳಿಯ ತಟ್ಟೆ ಲೋಟಗಳ ಬದಲು ಗಾಢ ಕೆಂಪು ಬಣ್ಣದವನ್ನು ಬಳಸಿದಾಗ ಆಹಾರ ಸೇವನೆ ಶೇ. 25ರಷ್ಟು, ದ್ರವ ಸೇವನೆ ಶೇ. 84ರಷ್ಟು ಹೆಚ್ಚಾಯಿತು.
* ಮೇಜು ಮತ್ತು ಕಪಾಟಿನಲ್ಲಿ ವಸ್ತುಗಳು ಕಡಿಮೆ ಇರಬೇಕು. ಪ್ರತಿಯೊಂದಕ್ಕೂ ನಿಗದಿತ ಜಾಗವಿರಬೇಕು.
* ಬೆಳಕು ಧಾರಾಳವಾಗಿರಬೇಕು, ಕಣ್ಣು ಕೋರೈಸುವಂತಿರಬಾರದು. ನೆಲದ ಮೇಲಿನ ಕಪ್ಪು ಚಾಪೆ ಹಳ್ಳದಂತೆ, ಹೊಳೆಯುವ ನೆಲ ನೀರು ನಿಂತಂತೆ ತೋರಬಹುದು.
* ವಸ್ತುವನ್ನು ಕೊಡುವಾಗ ಹೆಸರು ಹೇಳಿ ಕೈಗೆ ಮುಟ್ಟಿಸಬೇಕು. "ಇಗೋ, ನೀರಿನ ಲೋಟ" ಎನ್ನುವುದರಿಂದ ಕೆಟ್ಟಿರುವ ನೋಟದ ಹಾದಿಗೆ ಕಿವಿ ಮತ್ತು ಸ್ಪರ್ಶದ ನೆರವು ಸಿಗುತ್ತದೆ.
* ಸೆಮ್ಯಾಂಟಿಕ್ ಡಿಮೆನ್ಶಿಯಾ ಇರುವವರು ತಾವು ಬಳಸುತ್ತ ಬಂದ ಸ್ವಂತ ವಸ್ತುಗಳನ್ನು ಅದೇ ಬಗೆಯ ಬೇರೆ ವಸ್ತುಗಳಿಗಿಂತ ಚೆನ್ನಾಗಿ ಗುರುತಿಸುತ್ತಾರೆ. ಆದುದರಿಂದ ಹಳೆಯ ಚೊಂಬು, ಕೊಡೆಗಳನ್ನು ತೆಗೆದು ಹೊಸದನ್ನು ತರದಿರುವುದು ಒಳಿತು.
* ಫಿನಾಯಿಲ್, ಆ್ಯಸಿಡ್, ಕೀಟನಾಶಕಗಳನ್ನು ಹಳೆಯ ಪಾನೀಯದ ಬಾಟಲಿಗಳಲ್ಲಿ ತುಂಬಿಡಬಾರದು, ಬೀಗ ಹಾಕಿಡಬೇಕು. ಮಾತ್ರೆಗಳನ್ನು ಮನೆಯವರೇ ಎಣಿಸಿ ಕೊಡಬೇಕು.
* ನೋಟದ ಗ್ರಹಿಕೆ ಕೆಟ್ಟವರು ವಾಹನ ಚಲಾಯಿಸುವುದು ಅವರಿಗೂ ಇತರರಿಗೂ ಅಪಾಯಕರ. ಈ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

ವಸ್ತುವನ್ನು ತಪ್ಪಾಗಿ ಗುರುತಿಸಿದಾಗ ಪದೇಪದೇ ತಿದ್ದುವುದರಿಂದ ಅಥವಾ "ಇಷ್ಟೂ ಕಾಣುವುದಿಲ್ಲವೇ" ಎಂದು ಗದರುವುದರಿಂದ ಗುರುತಿಸುವ ಶಕ್ತಿ ಮರಳುವುದಿಲ್ಲ. ರೋಗಿಯ ಕಣ್ಣಿಗೆ ಅದು ಕಾಣುತ್ತಿದೆ; ಕಂಡದ್ದನ್ನು ಏನೆಂದು ತಿಳಿಸಬೇಕಾದ ಮೆದುಳಿನ ಭಾಗ ಕೆಲಸ ಮಾಡುತ್ತಿಲ್ಲ ಎಂಬುದನ್ನು ಮನೆಯವರು ಅರಿತುಕೊಳ್ಳುವುದು ಆರೈಕೆಯ ಮೊದಲ ಹೆಜ್ಜೆಯಾಗಿದೆ.